ಎಳೆಯರ ಆಟ, ಹಿರಿಯರ ಹೊಣೆ

ಮುಂಗಾರು ಹಿಡಿದು ಶಾಲೆಗಳು ತೆರೆದವೆಂದರೆ ವಲಯ, ತಾಲೂಕು, ಜಿಲ್ಲೆಗಳ ಕ್ರೀಡಾಕೂಟಗಳ ಹಂಗಾಮು ಸನ್ನಿಹಿತವಾಯಿತೆಂದೇ ತಿಳಿಯಬೇಕು. ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಗೋಕಾಕ, ಹುಕ್ಕೇರಿ ಹಾಗೂ ಗೋಕಾಕದಿಂದ ಬೇರ್ಪಟ್ಟು ಹೊಸ ತಾಲೂಕೆನಿಸಿದ ಮೂಡಲಗಿ, ಈ ಮೂರೂ ಕಡೆಗಳಲ್ಲಿ ನಡೆದುಬಂದ ಕ್ರಮವಿದು. ಗೆದ್ದ ತಂಡಕ್ಕೆ ಢಾಲು ದೊರೆಯುತ್ತದೆ, ಅತಿಥಿಗಳ ಭಾಷಣಗಳಾಗುತ್ತವೆ. ಆದರೆ ಮೊಣಕಾಲನ್ನು ಹಿಡಿದುಕೊಂಡು ಬಯಲಿನ ಅಂಚಿನಲ್ಲಿ ಕುಳಿತ ಬಾಲಕನ ಲೆಕ್ಕವನ್ನು ಇಡುವವರಾರು? "ಆಟವೆಂದ ಮೇಲೆ ಪೆಟ್ಟು ಇದ್ದದ್ದೇ" ಎಂಬ ಒಂದು ಮಾತಿನಲ್ಲಿ ಅವನ ಸಂಗತಿಯು ಮುಗಿದುಹೋಗುತ್ತದೆ. ಈ ಮಾತನ್ನು ನಾವು ಒಪ್ಪಲಾರೆವು. ಕೆಲವು ಪೆಟ್ಟುಗಳು ಆಕಸ್ಮಿಕವಾದವು ನಿಜ. ಬಹಳಷ್ಟು ಮಾತ್ರ ಹಿರಿಯರ ಅಲಕ್ಷ್ಯದ ಫಲಗಳು. ಅವನ್ನು ತಡೆಯಲು ಬೇಕಾದದ್ದು ದುಡ್ಡಿಗಿಂತ ಹೆಚ್ಚಾಗಿ ಶಿಸ್ತು.

ನಮ್ಮ ಈ ಸೀಮೆಯು ಮೂಲತಃ ಕುಸ್ತಿ, ಕಬಡ್ಡಿ, ಖೊಖೊಗಳ ಸೀಮೆ. ಕಾಲ್ಚೆಂಡಿನಾಟಕ್ಕೆ ಬೆಳಗಾವಿ ನಗರದಲ್ಲಿ ಇರುವಷ್ಟು ಬೇರು ಇಲ್ಲಿಲ್ಲ. ಆದರೂ 2023ರ ಮಾರ್ಚಿನಲ್ಲಿ ಕರ್ನಾಟಕವು 54 ವರ್ಷಗಳ ತರುವಾಯ ಸಂತೋಷ ಟ್ರೋಫಿಯನ್ನು ಗೆದ್ದ ಮೇಲೆ ಅದನ್ನು ಪರರ ಆಟವೆಂದು ದೂರವಿಡಲು ಕಾರಣವೇ ಉಳಿದಿಲ್ಲ. ಹೊಸ ಆಟವನ್ನು ಬರಮಾಡಿಕೊಂಡ ನಾವು ಹಳೆಯ ಆಟದ ವಿವೇಕವನ್ನು ಮಾತ್ರ ಕೈಬಿಟ್ಟೆವು. ಗರಡಿಯ ವಸ್ತಾದನು ಮಣ್ಣನ್ನು ಅಗೆದು, ಹರಳು ಹೆಕ್ಕಿ, ಹದಮಾಡದೆ ಯಾವ ಹುಡುಗನನ್ನೂ ಕಣಕ್ಕೆ ಇಳಿಸನು. ದಂಡ ಬೈಠಕುಗಳಿಂದ ಮೈ ಕಾಯಿಸದೆ ಪಟ್ಟು ಹಾಕಗೊಡನು. ಅದೇ ಹುಡುಗನು ಕಾಲ್ಚೆಂಡಿನ ಬಯಲಿಗೆ ಬಂದರೆ, ಮಳೆಗೆ ಜಾರುವ ಮತ್ತು ಬಿಸಿಲಿಗೆ ಬಿರಿಯುವ ಎರೆನೆಲದ ಮೇಲೆ, ಸೀಟಿ ಊದಿದ ಕೂಡಲೇ ತಣ್ಣಗಿನ ಮೈಯಲ್ಲಿಯೇ ಓಡಬೇಕಾಗುತ್ತದೆ.

ಬೆಳೆಯುವ ದೇಹವು ದೊಡ್ಡವರ ದೇಹದ ಚಿಕ್ಕ ಪ್ರತಿಯಲ್ಲವೆಂಬುದನ್ನು ಮೊದಲು ಅರಿಯತಕ್ಕದ್ದು. ಬಾಲಕರ ಎಲುಬಿನ ತುದಿಗಳಲ್ಲಿ ಬೆಳವಣಿಗೆ ನಡೆಯುವ ಮೃದುವಾದ ಪದರವಿರುತ್ತದೆ. ಕೀಲನ್ನು ಬಿಗಿದಿರುವ ಕಟ್ಟುಗಳಿಗಿಂತ ಇದೇ ದುರ್ಬಲವಾದುದರಿಂದ, ಹೊರನೋಟಕ್ಕೆ ಉಳುಕೆಂದು ತೋರುವುದು ಒಮ್ಮೊಮ್ಮೆ ಈ ಪದರದ ಮುರಿತವಾಗಿರುತ್ತದೆ. ಅದನ್ನು ಎಣ್ಣೆ ಹಚ್ಚಿ ತಿಕ್ಕಿ ಎಳೆದರೆ ಕಾಲು ಮುಂದೆ ಸೊಟ್ಟಾಗಬಹುದು ಅಥವಾ ಗಿಡ್ಡಾಗಬಹುದು. ಊದಿದ ಕಾಲಿಗೆ ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯ ತಂಪು, ಹದವಾದ ಪಟ್ಟಿ, ಕಾಲನ್ನು ಎತ್ತರದಲ್ಲಿಡುವುದು, ಇವೇ ಮೊದಲ ಉಪಚಾರ. ಹೆಜ್ಜೆಯೂರಲು ಬಾರದಿದ್ದರೆ ಕ್ಷಕಿರಣ ಪರೀಕ್ಷೆ ಆಗಲೇಬೇಕು. ಹತ್ತರಿಂದ ಹದಿನೈದರ ವಯಸ್ಸಿನಲ್ಲಿ ಹಿಮ್ಮಡಿಯಲ್ಲಿಯೂ ಮೊಣಕಾಲ ಚಿಪ್ಪಿನ ಕೆಳಗೂ ಕಾಣಿಸುವ ನೋವು ಹಲವು ವೇಳೆ ಅತಿಯಾದ ಓಟ ಜಿಗಿತಗಳ ಫಲವೇ ಹೊರತು ಸೋಮಾರಿಗಳ ನೆಪವಲ್ಲ.

ತಡೆಯುವ ಮಾರ್ಗವು ಊಹೆಯ ಮಾತಲ್ಲ, ಪರೀಕ್ಷಿತವಾದದ್ದು. 2007ರಲ್ಲಿ ನಾರ್ವೆ ದೇಶದಲ್ಲಿ 13ರಿಂದ 17 ವಯಸ್ಸಿನ 1,892 ಬಾಲಕಿಯರನ್ನು ಒಂದು ಹಂಗಾಮಿನ ತನಕ ಅಭ್ಯಾಸಿಸಲಾಯಿತು. ಅವರಲ್ಲಿ ಕೆಲವು ತಂಡಗಳು ಆಟಕ್ಕೆ ಮುಂಚೆ ಸುಮಾರು 20 ನಿಮಿಷಗಳ ನಿಯತ ವ್ಯಾಯಾಮವನ್ನು ಕೈಕೊಂಡವು: ಮೆಲ್ಲನೆಯ ಓಟ, ತೊಡೆ ಮತ್ತು ನಡುವಿನ ಬಲವರ್ಧನೆ, ಒಂಟಿಗಾಲಿನ ಸಮತೋಲ, ಜಿಗಿದು ಮೊಣಕಾಲು ಒಳಗೆ ವಾಲದಂತೆ ಇಳಿಯುವ ಕ್ರಮ. ಆ ತಂಡಗಳಲ್ಲಿ ಒಟ್ಟು ಗಾಯಗಳು ಸುಮಾರು ಮೂರರಲ್ಲೊಂದು ಪಾಲು, ತೀವ್ರವಾದವು ಸುಮಾರು ಅರ್ಧದಷ್ಟು ಕಡಿಮೆಯಾಗಿ ಕಂಡುಬಂದವು. ಇದಕ್ಕೆ ಯಂತ್ರ ಬೇಡ, ಕಟ್ಟಡ ಬೇಡ. ಮೊಣಕಾಲಿನ ಒಳಗಟ್ಟು ಹರಿಯುವ ಭಯವು ಬಾಲಕಿಯರಲ್ಲಿ ಬಾಲಕರಿಗಿಂತ ಹೆಚ್ಚಾದುದರಿಂದ, ಅವರ ತಂಡಗಳಿಗೆ ಇದು ಇನ್ನಷ್ಟು ಅವಶ್ಯವು.

ಕಾಲಿನ ಪೆಟ್ಟು ಕಾಲನ್ನು ಕೆಡಿಸೀತು. ತಲೆಯ ಪೆಟ್ಟೂ ಹೃದಯದ ಸ್ತಂಭನವೂ ಪ್ರಾಣವನ್ನೇ ಕಳೆದಾವು. ತಲೆಗೆ ಪೆಟ್ಟು ಬಿದ್ದವನು ಮೂರ್ಛೆ ಹೋಗಿಲ್ಲವೆಂದು ಮರಳಿ ಆಡಗೊಡುವುದು ತಪ್ಪು. ತಲೆನೋವು, ವಾಂತಿ, ಮಂಕು ಇವುಗಳಲ್ಲಿ ಒಂದು ಕಂಡರೂ, ಸಂಶಯ ಬಂದರೂ, ಆ ದಿನ ಅವನನ್ನು ಹೊರಗೆ ಕೂರಿಸಿ ವೈದ್ಯರಿಗೆ ತೋರಿಸಬೇಕು. 2004ರ ಡಿಸೆಂಬರ್ 5ರಂದು ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿಯೇ, ಫೆಡರೇಶನ್ ಕಪ್ಪಿನ ಅಂತಿಮ ಪಂದ್ಯದಲ್ಲಿ, ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ತಿಯಾನೊ ಜೂನಿಯರನು ಗೋಲ್‌ಕೀಪರನೊಡನೆ ಡಿಕ್ಕಿಯಾಗಿ ಕುಸಿದು ಅಸುನೀಗಿದನು. 2021ರ ಜೂನ್ 12ರಂದು ಕೋಪನ್‌ಹೇಗನ್ನಿನಲ್ಲಿ ಡೆನ್ಮಾರ್ಕಿನ ಎರಿಕ್ಸನ್ ಹೃದಯ ನಿಂತು ಬಿದ್ದಾಗ, ಕೂಡಲೇ ಎದೆಯನ್ನೊತ್ತಿ, ವಿದ್ಯುದಾಘಾತ ಕೊಟ್ಟು ಉಳಿಸಿದರು. ಇಬ್ಬರ ದೇಹಸ್ಥಿತಿ ಒಂದೇ ಆಗಿತ್ತೆಂದು ನಾವು ಹೇಳುವುದಿಲ್ಲ. ಆ ಮೊದಲ ಕೆಲವು ನಿಮಿಷಗಳ ಬೆಲೆ ಎಷ್ಟೆಂಬುದು ಮಾತ್ರ ಸ್ಪಷ್ಟವಿದೆ.

"ನಮ್ಮ ಹಿರಿಯರು ಬರಿಗಾಲಿನಲ್ಲಿ ಆಡಲಿಲ್ಲವೇ" ಎಂದು ಕೇಳುವವರುಂಟು. ಆಡಿದರು, ಕೀರ್ತಿಯನ್ನೂ ತಂದರು. 1948ರ ಲಂಡನ್ ಒಲಿಂಪಿಕ್ಕಿನಲ್ಲಿ ಸ್ವತಂತ್ರ ಭಾರತದ ತಂಡದವರು ಬಹುಪಾಲು ಬರಿಗಾಲಿನಲ್ಲಿಯೇ ಆಡಿ ಫ್ರಾನ್ಸಿಗೆ ಕೇವಲ 2-1ರಿಂದ ಸೋತರು. ನಮ್ಮ ಕಡೆಯ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಆದರೆ 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಕ್ಕೆ 10-1ರಿಂದ ಸೋತ ಬಳಿಕ ದೇಶವು ಬೂಟನ್ನು ಒಪ್ಪಿಕೊಂಡಿತು. ಇಂದು ಪಾದರಕ್ಷೆಯೂ ಕಣಕಾಲಿಗೆ ಕಟ್ಟುವ ಶಿನ್‌ಗಾರ್ಡೂ ಆಟದ ನಿಯಮಗಳಲ್ಲಿಯೇ ಕಡ್ಡಾಯವಾಗಿವೆ. ಬಡವರ ಮಕ್ಕಳು ಇವನ್ನು ಎಲ್ಲಿಂದ ತರಬೇಕೆಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದರ ಉತ್ತರವನ್ನು ಮಕ್ಕಳ ಎಲುಬಿನಿಂದ ತೆರಬಾರದು. ಶಾಲೆಗೊಂದು ಸಾಮಾನ್ಯ ಸಂಗ್ರಹವಿಟ್ಟು ಸರದಿಯಂತೆ ಕೊಡಬಹುದು.

ಅಧಿಕಾರಿಗಳಿಗೂ ಸಂಘಟಕರಿಗೂ ನಮ್ಮ ಸೂಚನೆಗಳು ಕೆಲವೇ. ಪಂದ್ಯಕ್ಕೆ ಮುಂಚೆ ಬಯಲನ್ನು ನಡೆದು ನೋಡಿ ಗಾಜು, ಮೊಳೆ, ಕಲ್ಲುಗಳನ್ನು ಹೆಕ್ಕಿಸಬೇಕು. ಗೋಲ್‌ಕಂಬಗಳನ್ನು ನೆಲಕ್ಕೆ ಭದ್ರವಾಗಿ ಬಿಗಿಸಬೇಕು. ಮೈ ಕಾಯಿಸದ ತಂಡವನ್ನು ಆಡಗೊಡಬಾರದು. ಎದೆಯೊತ್ತುವ ಉಪಚಾರವನ್ನು ಪ್ರತಿ ದೈಹಿಕ ಶಿಕ್ಷಕರಿಗೂ ಕಲಿಸಬೇಕು. 108ರ ವಾಹನ ಬಯಲಿನೊಳಗೆ ಬರಲು ದಾರಿ ತೆರವಿರಬೇಕು. 10 ಮತ್ತು 16ನೆಯ ವಯಸ್ಸಿನಲ್ಲಿ ಸರಕಾರವು ಉಚಿತವಾಗಿ ಕೊಡುವ ಧನುರ್ವಾಯು ನಿರೋಧಕ ಚುಚ್ಚುಮದ್ದು ಆಗಿದೆಯೇ ಎಂದು ಪಾಲಕರು ವಿಚಾರಿಸಬೇಕು. ಆದ ಗಾಯಗಳನ್ನು ಒಂದು ವಹಿಯಲ್ಲಿ ಬರೆದಿಡಬೇಕು; ಲೆಕ್ಕವಿಲ್ಲದಲ್ಲಿ ಹೊಣೆಯೂ ಇರದು.

1923ರಲ್ಲಿ ಡಾಕ್ಟರ್ ಹರ್ಡೀಕರರು ಹಿಂದುಸ್ತಾನಿ ಸೇವಾದಳವನ್ನು ಕಟ್ಟಿದಾಗ, ಕವಾಯತು ವ್ಯಾಯಾಮಗಳಿಂದ ಶಿಸ್ತುಗೊಂಡ ತರುಣರೇ ರಾಷ್ಟ್ರದ ಬಲವೆಂದು ಕನ್ನಡಿಗರು ಕಲಿತರು. 1929ರಲ್ಲಿ ಘಟಪ್ರಭೆಯಲ್ಲಿ ತಲೆಯೆತ್ತಿದ ಆರೋಗ್ಯಧಾಮವು ಇದೇ ಸೀಮೆಯದು. ಇಂಥ ಪರಂಪರೆಯುಳ್ಳ ನೆಲದಲ್ಲಿ ರೈತ ಕೂಲಿಗಳ ಮಗನೊಬ್ಬನು ಒಂದು ಢಾಲಿಗಾಗಿ ಜನ್ಮವಿಡೀ ಕುಂಟುವಂತಾದರೆ ಅದು ಅವನ ದೈವವಲ್ಲ, ನಮ್ಮ ಲೋಪ. ಅವನ ಕಾಲೇ ಅವನ ಅನ್ನದ ಆಧಾರವೆಂಬುದನ್ನು ಮರೆಯದೆ, ಬರುವ ಹಂಗಾಮಿನಲ್ಲಾದರೂ ಮೂರು ತಾಲೂಕುಗಳ ಅಧಿಕಾರಿವರ್ಗವೂ ನಾಗರಿಕರೂ ಎಚ್ಚರ ವಹಿಸುವರೆಂದು ನಾವು ನಂಬುತ್ತೇವೆ.