ಒತ್ತಕ್ಷರ ಮತ್ತು ಹಂಚಿಕೆಯ ಲೈಬ್ರರಿ

ಗಡಿನಾಡಾದ ಉದಗೀರದಲ್ಲಿ ಕನ್ನಡ ಕಲಿಯುವವರು ಮರಾಠಿಯನ್ನೂ ಬರೆಯಬೇಕಾಗುತ್ತದೆ. ಲಿನಕ್ಸ್ ಗಣಕದಲ್ಲಿ ದೇವನಾಗರಿಯ ಜೋಡಕ್ಷರವನ್ನೂ ಕನ್ನಡದ ಒತ್ತಕ್ಷರವನ್ನೂ ಹೊಂದಿಸುವುದು ಸಾಮಾನ್ಯವಾಗಿ ಹಾರ್ಫ್‌ಬಜ್ ಎಂಬ ಒಂದೇ ಲೈಬ್ರರಿ. ಹಲವು ತಂತ್ರಾಂಶಗಳು ಅದನ್ನು ಹಂಚಿಕೊಳ್ಳುತ್ತವೆ. ತಂತ್ರಾಂಶ ತೆರೆದಾಗ ಲಿಂಕರ್ ಅದನ್ನು ಹುಡುಕಿ ಜೋಡಿಸುತ್ತದೆ.

ಯುನಿಕ್ಸ್ ಬಳಗದಲ್ಲಿ ಈ ಜೋಡಣೆ ಏಕರೂಪವಲ್ಲ. ಲಿನಕ್ಸ್ ಬೇಕಾದ ಫಂಕ್ಷನ್ನಿನ ಹೆಸರನ್ನಷ್ಟೇ ಕೂಗಿ, ಮೊದಲು ಓಗೊಟ್ಟ ಲೈಬ್ರರಿಯನ್ನು ಒಪ್ಪುತ್ತದೆ. ಮ್ಯಾಕ್ 2001ರ 10.1 ಆವೃತ್ತಿಯಿಂದ ಹೆಸರಿನೊಡನೆ ಲೈಬ್ರರಿಯನ್ನೂ ನಮೂದಿಸಿಕೊಳ್ಳುತ್ತದೆ. ‘ಪಾಟೀಲ’ ಎನ್ನುವುದಕ್ಕೂ ‘ನಿಲಂಗಾದ ಪಾಟೀಲ’ ಎನ್ನುವುದಕ್ಕೂ ಇರುವ ಅಂತರವಿದು. ಎರಡನೆಯದರಲ್ಲಿ ಗೊಂದಲ ಕಡಿಮೆ. ಮೊದಲನೆಯದರಲ್ಲಿ ತಿದ್ದಿದ ಲೈಬ್ರರಿಯನ್ನು ಮುಂದಿರಿಸಿ ಪರೀಕ್ಷಿಸುವುದು ಸುಲಭ.

ವಿಧಾನ ಯಾವುದಾದರೂ ಕನ್ನಡದಂಥ ನುಡಿಗೆ ಹಂಚಿಕೆಯೇ ಹಿತ. ದೋಷ ಲೈಬ್ರರಿಯದಾಗಿದ್ದರೆ ಒಮ್ಮೆ ತಿದ್ದಿದಾಗ ಅದನ್ನು ನೆಚ್ಚಿದ ಎಲ್ಲ ತಂತ್ರಾಂಶಗಳೂ ಸರಿಯಾಗುತ್ತವೆ. ಪ್ರತಿಯೊಂದೂ ತನ್ನದೇ ಪ್ರತಿಯನ್ನು ಒಳಗಿಟ್ಟುಕೊಂಡರೆ ಆ ತಿದ್ದುಪಡಿ ಅವುಗಳಿಗೆ ತಾನಾಗಿ ತಲುಪದು. ಆದ್ದರಿಂದ ಈ ಹೊಣೆಯನ್ನು ತಂತ್ರಜ್ಞರಿಗಷ್ಟೇ ಬಿಡಲಾಗದು. ಅರ್ಕಾವೊತ್ತು ಎಲ್ಲಿ ನಿಲ್ಲಬೇಕೆಂಬುದನ್ನು ಖಚಿತವಾಗಿ ಹೇಳಬಲ್ಲವರು ಕನ್ನಡ ಓದಿದವರು. ಅವರ ಮಾತು ಲೈಬ್ರರಿಯ ಮೂಲಕ್ಕೇ ತಲುಪಬೇಕು.