ಒಂದೇ ದೂರಮಸೂರ ಕೊಳ್ಳುವವರಿಗೆ

ಹಲಸೂರು ಕೆರೆಯ ದಂಡೆಯ ಮೇಲೆ ನಿಂತು ನಡುಗಡ್ಡೆಯ ನೀರುಕಾಗೆಗೆ ಗುರಿಯಿಟ್ಟರೆ 200 ಮಿಲಿಮೀಟರಿನ ಮಸೂರಕ್ಕೆ ದಕ್ಕುವುದು ಒಂದು ಕರಿಯ ಚುಕ್ಕೆ. ಅಲ್ಲಿಗೆ 150–600ರ ಜೂಮ್ ಬೇಕು. ಅದನ್ನೇ ಹೊತ್ತು ಸಂಜೆ ಮ್ಯಾಗ್ರಾತ್ ರಸ್ತೆಯ ಫುಟ್‌ಬಾಲ್ ಕ್ರೀಡಾಂಗಣಕ್ಕೆ ಹೋದರೆ ಕತೆಯೇ ಬೇರೆ. ತುದಿಯಲ್ಲಿ ಅದರ ರಂಧ್ರ ಎಫ್/6.3, ಎಫ್/2.8ರ 70–200 ಮಸೂರವು ಅದರ ಐದರಷ್ಟು ಬೆಳಕನ್ನು ಒಳಬಿಡುತ್ತದೆ. ಇದರಲ್ಲಿ 1/1000 ಸೆಕೆಂಡಿಗೆ ಮುಗಿಯುವ ಚಿತ್ರ ಅದರಲ್ಲಿ 1/200 ಸೆಕೆಂಡು ಬೇಡುತ್ತದೆ. ಅಷ್ಟರಲ್ಲಿ ಆಟಗಾರನ ಕಾಲು ಮಸಕಾಗಿರುತ್ತದೆ. ಮಸೂರದೊಳಗಿನ ಸ್ಥಿರಕವು ಹಿಡಿದ ಕೈಯ ನಡುಕವನ್ನು ತಡೆದೀತು, ಓಡುವ ಕಾಲನ್ನಲ್ಲ.

ಎರಡನ್ನೂ ಕೊಳ್ಳುವ ಶಕ್ತಿ ಎಷ್ಟು ಸಂಸಾರಗಳಿಗುಂಟು? ಈ ಬೆಲೆಯನ್ನು ಮಗನ ಕಾಲೇಜು ಶುಲ್ಕದ ಪಕ್ಕದಲ್ಲಿಟ್ಟು ನೋಡುವ ಗೃಹಿಣಿಯ ಮಾತನ್ನು ತಳ್ಳಿಹಾಕುವಂತಿಲ್ಲ. ಹಕ್ಕಿಯನ್ನು ಬೆಳಗಿನ ಬಿಸಿಲಿನಲ್ಲಿ ಹುಡುಕಬಹುದು. ಪಂದ್ಯದ ಹೊತ್ತು ಛಾಯಾಗ್ರಾಹಕನ ಕೈಯಲ್ಲಿಲ್ಲ. ಆಟವೇ ಮುಖ್ಯವೆನ್ನುವವರು ಎಫ್/2.8 ಕೊಳ್ಳುವುದು ಲೇಸು. ಅದಕ್ಕೆ ದುಪ್ಪಟ್ಟು ಟೆಲಿಕನ್ವರ್ಟರ್ ಜೋಡಿಸಿದರೆ 400 ಮಿಲಿಮೀಟರ್ ಆಗುತ್ತದೆ, ರಂಧ್ರ ಎಫ್/5.6ಕ್ಕೆ ಇಳಿಯುತ್ತದೆ, ಚಿತ್ರದ ಸ್ಫುಟತೆಯೂ ತುಸು ಕುಗ್ಗುತ್ತದೆ. ಹಕ್ಕಿಯೇ ಪ್ರಾಣವೆನ್ನುವವರಿಗೆ 600ರ ಹೊರತು ಬೇರೆ ದಾರಿಯಿಲ್ಲ. ಗಿಡ್ಡ ಮಸೂರದ ಕೊರತೆಯನ್ನು ಗೂಡಿನ ಬಳಿಗೇ ನಡೆದು ತುಂಬಿಕೊಳ್ಳುವುದು ಮಾತ್ರ ಸಲ್ಲದು: ತಾಯಿಹಕ್ಕಿ ಬೆದರಿ ಎದ್ದರೆ ಮೊಟ್ಟೆ ತಣ್ಣಗಾಗುತ್ತದೆ, ಕಾಗೆಗಳೂ ಅದನ್ನೇ ಕಾದಿರುತ್ತವೆ.