ಎಂಟನೇ ಕಾಲಂ ಯಾವುದು?

ಬ್ಯಾಡಗಿ ಮೆಣಸಿನಕಾಯಿ ಧಾರಣೆಯ ಕಡತವನ್ನು ಆರ್ ಭಾಷೆಯಲ್ಲಿ ತೆರೆದ ಕೂಡಲೇ, ಬೇರೆ ಯಾವ ಲೆಕ್ಕಕ್ಕೂ ಕೈ ಹಾಕದೆ, ಕಾಲಂಗಳ ಹೆಸರು ಬದಲಿಸಬೇಕು. ಹಳೆಯ ಹೆಸರು ಹಿಡಿದೇ ಬದಲಿಸಬೇಕು. ನನ್ನ ಈ ಮಾತಿಗೆ ಗುತ್ತಲದ ಗೆಳೆಯರು ತಕರಾರು ತೆಗೆದಿದ್ದಾರೆ.

"ಸರಕಾರ ಕೊಟ್ಟ ಹೆಸರು ಮುಟ್ಟಬ್ಯಾಡ್ರಿ, ನಾಳೆ ಯಾರರ ತಾಳೆ ನೋಡಾಕ ಬಂದ್ರ ಏನ್ ತೋರಸ್ತೀರಿ?" ಕೇಳಬೇಕಾದ ಪ್ರಶ್ನೆಯೇ. ಆದರೆ ನೀವು ಮುಟ್ಟುವ ಮೊದಲೇ ಆರ್ ಮುಟ್ಟಿಯಾಗಿದೆ. ಸರಕಾರದ ಮಾರುಕಟ್ಟೆ ದರಗಳ ತಾಣ ಆಗ್‌ಮಾರ್ಕ್‌ನೆಟ್‌ನ ವರದಿಯಲ್ಲಿ ಕನಿಷ್ಠ ದರದ ಮುಂದೆ ಕಂಸದೊಳಗೆ ರೂಪಾಯಿ, ಓರೆಗೆರೆ, ಕ್ವಿಂಟಲ್ ಎಂದಿರುತ್ತದೆ. ಆರ್‌ನ ರೀಡ್.ಸಿಎಸ್‌ವಿ ಅದನ್ನು ಓದುವಾಗ ಖಾಲಿ ಜಾಗ, ಕಂಸ, ಓರೆಗೆರೆಗಳನ್ನೆಲ್ಲ ಚುಕ್ಕೆ ಮಾಡಿಬಿಡುತ್ತದೆ, ಚೆಕ್.ನೇಮ್ಸ್ ಎಂಬ ಆಯ್ಕೆ ನೀವು ಬೇಡವೆನ್ನುವವರೆಗೂ ಚಾಲೂ ಇರುತ್ತದೆ. ಕೇಂದ್ರದ ಮುಕ್ತ ದತ್ತಾಂಶ ತಾಣದ ಕಡತವಂತೂ ದರದ ಹೆಸರಿನ ನಡುವೆ ಎಕ್ಸ್0020 ಎಂಬ ಬಾಲ ಸಿಕ್ಕಿಸಿಕೊಂಡು ಬರುತ್ತದೆ. ಅದನ್ನು ಯಾವ ಅಧಿಕಾರಿಯೂ ಇಟ್ಟಿದ್ದಲ್ಲ, ಎಕ್ಸ್‌ಎಂಎಲ್‌ನಲ್ಲಿ ಖಾಲಿ ಜಾಗಕ್ಕೆ ಬಳಸುವ ಸಂಕೇತ ಹಾಗೇ ಸೋರಿ ಬಂದದ್ದು. ಅದಕ್ಕೂ ನಿಷ್ಠೆ ತೋರಬೇಕೆ? ತಾಳೆ ನೋಡುವವರಿಗೆ ಮೂಲ ಕಡತ ಇದ್ದ ಹಾಗೇ ಇರಲಿ, ಹಳೆ–ಹೊಸ ಹೆಸರಿನ ಜೋಡಿ ಕೋಡ್‌ನಲ್ಲಿ ಎದ್ದು ಕಾಣುವಂತೆ ಇರಲಿ. ಶಾಸನಗಳ ಗುತ್ತವೊಳಲು ಈಗ ಗುತ್ತಲ. ಇತಿಹಾಸಕಾರರು ಎರಡನ್ನೂ ಬರೆಯುತ್ತಾರೆ, ಯಾರೂ ದಾರಿ ತಪ್ಪಿಲ್ಲ.

"ಕಾಲಂ ಸಂಖ್ಯೆ ಹಾಕಿ ಬದಲಿಸಿದರೆ ಒಂದೇ ಸಾಲು" ಎಂಬುದು ಎಲ್ಲಕ್ಕಿಂತ ಅಪಾಯದ ಮಾತು. ನಾವೆಲ್ಲ ಇಳಿಸಿಕೊಂಡಿರುವ ಆಗ್‌ಮಾರ್ಕ್‌ನೆಟ್ ದರಪಟ್ಟಿಯ ಕ್ರಮ ಹೀಗಿದೆ: ಕ್ರಮಸಂಖ್ಯೆ, ಜಿಲ್ಲೆ, ಮಾರುಕಟ್ಟೆ, ಸರಕು, ತಳಿ, ದರ್ಜೆ, ಕನಿಷ್ಠ, ಗರಿಷ್ಠ, ಮಾದರಿ ದರ, ಕೊನೆಗೆ ದಿನಾಂಕ. ಮುಕ್ತ ದತ್ತಾಂಶ ತಾಣದ ಕಡತ ರಾಜ್ಯದಿಂದ ಶುರುವಾಗುತ್ತದೆ, ದಿನಾಂಕ ಏಳನೆಯದು, ಮೂರು ದರಗಳು ಅದರ ನಂತರ. ಎರಡರಲ್ಲೂ ಹತ್ತೇ ಕಾಲಂ. ಆದರೆ ಎಂಟನೆಯದು ಒಂದರಲ್ಲಿ ಗರಿಷ್ಠ ದರ, ಇನ್ನೊಂದರಲ್ಲಿ ಕನಿಷ್ಠ! ಎರಡೂ ಅಂಕಿಗಳೇ ಆದ್ದರಿಂದ ಆರ್ ಚಕಾರ ಎತ್ತುವುದಿಲ್ಲ. ಬ್ಯಾಡಗಿಯಲ್ಲಿ ಒಂದೇ ದಿನ, ಒಂದೇ ತಳಿಗೆ ಈ ಎರಡರ ನಡುವೆ ಸಾವಿರಾರು ರೂಪಾಯಿ ಅಂತರವಿರುತ್ತದೆ. 2024ರ ಮಾರ್ಚ್ 11ರಂದು ದರ ಕುಸಿದ ಸಿಟ್ಟಿಗೆ ಅಲ್ಲಿನ ಎಪಿಎಂಸಿ ಆವರಣದಲ್ಲಿ ವಾಹನಗಳು ಸುಟ್ಟುಹೋದವು. ಅಂಥ ವಾರದ ಧಾರಣೆಯನ್ನು ಹಿಂದಿನ ವಾರದ್ದಕ್ಕೆ ಹೋಲಿಸುವಾಗ ಕನಿಷ್ಠದ ಪಕ್ಕಕ್ಕೆ ಗರಿಷ್ಠ ಬಂದು ಕೂತರೆ ಕುಸಿತವೇ ಕಾಣಿಸದೆ ಹೋದೀತು.

ಹೆಸರು ಹಿಡಿದು ಬದಲಿಸಿದರೆ ಈ ಗಂಡಾಂತರವಿಲ್ಲ. ಆರ್‌ನ ಡಿಪ್ಲೈಆರ್ ಪ್ಯಾಕೇಜಿನ ರೀನೇಮ್‌ನಲ್ಲಿ ಹೊಸ ಹೆಸರು ಎಡಕ್ಕೆ, ಹಳೆಯದು ಬಲಕ್ಕೆ. ಹಳೆಯದು ಸಿಗದಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಡೇಟಾ.ಟೇಬಲ್‌ನ ಸೆಟ್‌ನೇಮ್ಸ್ ಕೂಡ ಹಾಗೇ ನಿಲ್ಲುತ್ತದೆ. ಅದರಲ್ಲಿ ಹಳೆಯದು ಮೊದಲು, ಮತ್ತು ಕೋಷ್ಟಕದ ನಕಲು ಮಾಡದೆ ಇದ್ದಲ್ಲೇ ತಿದ್ದುತ್ತದೆ. (ಹಳೆಯ ಪ್ಲೈಆರ್‌ನ ರೀನೇಮ್‌ನಲ್ಲಿ ಎಡ–ಬಲ ಉಲ್ಟಾ. ಎರಡನ್ನೂ ಒಟ್ಟಿಗೆ ತೆರೆದುಕೊಂಡವರನ್ನು ದೇವರೇ ಕಾಯಬೇಕು.) ಕೆಲಸ ನಿಲ್ಲುವುದನ್ನೇ ನೀವು ಕಿರಿಕಿರಿ ಎನ್ನುತ್ತೀರಿ. ನನಗೆ ಬೇಕಾದದ್ದೇ ಅದು.

ಇನ್ನು ಎಕ್ಸೆಲ್ ಪಂಥ. "ತಲೆಸಾಲು ತಿದ್ದಿ ಸೇವ್ ಮಾಡಿದ್ರ ಮುಗೀತು." ಹಾಗೆ ಮುಗಿಯುವುದು ಒಂದು ಕಡತಕ್ಕೆ ಮಾತ್ರ, ಧಾರಣೆ ಪ್ರತಿ ಟೆಂಡರ್ ದಿನವೂ ಹೊಸದಾಗಿ ಬರುತ್ತದೆ. ಏನು ತಿದ್ದಿದಿರಿ ಎಂಬುದಕ್ಕೆ ದಾಖಲೆಯೂ ಇರುವುದಿಲ್ಲ. ಸಾಲದ್ದಕ್ಕೆ ಎಕ್ಸೆಲ್ ಕೇಳದೆಯೇ ಬೇರೆ ಕೋಶಗಳನ್ನೂ ತಿದ್ದುತ್ತದೆ. ಮಾರ್ಚ್1, ಸೆಪ್ಟ್1 ಎಂಬ ಜೀನ್‌ಗಳ ಹೆಸರನ್ನು ಅದು ತಾರೀಖು ಮಾಡುತ್ತಿದ್ದ ಕಾಟ ತಾಳಲಾರದೆ, ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಆ ಹೆಸರುಗಳನ್ನು ಬದಲಿಸಿ 2020ರಲ್ಲಿ ಹೊಸ ನಿಯಮಾವಳಿ ಪ್ರಕಟಿಸಿತು.

ಕನ್ನಡಾಭಿಮಾನಿ ಗೆಳೆಯರ ದೂರು ಬೇರೆ: ಬದಲಿಸುವುದೇ ಆದರೆ ಮೊದಲಿನಿಂದಲೇ ಕನ್ನಡದಲ್ಲಿಡಿ ಎನ್ನುತ್ತಾರೆ. ಆಸೆ ನನಗೂ ಇದೆ, ತಾಂತ್ರಿಕ ಅಡ್ಡಿಯೂ ಬಹುಪಾಲು ಹೋಗಿದೆ: 2022ರ ಆರ್ 4.2 ಬಂದ ಮೇಲೆ ಹೊಸ ವಿಂಡೋಸ್‌ನಲ್ಲೂ ಯೂನಿಕೋಡ್ ನೆಟ್ಟಗೆ ನಡೆಯುತ್ತದೆ. ಆದರೂ ಕೋಡ್‌ನ ಒಳಗೆ ನಾನು ರೋಮನ್ ಹೆಸರನ್ನೇ ಇಡುತ್ತೇನೆ. ಅರ್ಕಾವೊತ್ತು ಬಿಡಿಸಲು ಒತ್ತುವ, ಕಣ್ಣಿಗೆ ಕಾಣದ ಅಕ್ಷರವೊಂದು ಒಬ್ಬರ ಟೈಪಿಂಗ್‌ನಲ್ಲಿದ್ದು ಇನ್ನೊಬ್ಬರದರಲ್ಲಿ ಇಲ್ಲದಿದ್ದರೆ, ಓದಲು ಒಂದೇ ಆದ 'ಮಾರ್ಕೆಟ್' ಆರ್‌ಗೆ ಎರಡಾಗುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ್ದು ಬಂದರಂತೂ ಪರಿವರ್ತಿಸುವವರೆಗೆ ಅದು ಕನ್ನಡವೇ ಅಲ್ಲ. ಪಟ್ಟಿ ಅಚ್ಚಿಗೆ ಹೋಗುವ ಕೊನೆಯ ಹಂತದಲ್ಲಿ ಇನ್ನೊಮ್ಮೆ ರೀನೇಮ್ ಮಾಡಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಬರೆದರೆ ರೈತರ ಕೈಗೆ ಕನ್ನಡದ್ದೇ ಸಿಗುತ್ತದೆ.

ಒಬ್ಬರು 2014ರ ಊರ ಹೆಸರುಗಳನ್ನು ಎಳೆದು ತಂದಿದ್ದಾರೆ: ಬೆಳಗಾಂ ಬೆಳಗಾವಿಯಾದಾಗ ಆದ ಗೊಂದಲ ಸಾಲದೇ ಎಂದು. ಸ್ವಾಮಿ, ಅವು ಕಾಲಂನ ತಲೆಬರಹಗಳಲ್ಲ, ಕಾಲಂ ಒಳಗಿನ ಮಾಹಿತಿ. ಕಡ್ಡಿ, ಡಬ್ಬಿ ಎಂಬ ತಳಿಗಳಿದ್ದ ಹಾಗೆ. ಅವಕ್ಕೆ ಬೇಕಾದದ್ದು ರೀನೇಮ್ ಅಲ್ಲ, ರೀಕೋಡ್. ಆ ಜಗಳ ಬೇರೆಯೇ ಇದೆ, ಅದಕ್ಕೂ ನಾನು ತಯಾರು.